ಕೆಮಿಸ್ಟ್ರಿ ಓದು: ಪುಸ್ತಕ ಮುಚ್ಚಿ ಬರೆದರಷ್ಟೇ ದಕ್ಕೀತು

ಮಾನ್ಯ ಸಂಪಾದಕರೇ,

ಪಿಯುಸಿ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು ಮನೆ ತಲುಪುವ ಹೊತ್ತಿಗೆ ವಿಜ್ಞಾನ ವಿಭಾಗದ ಮಕ್ಕಳ ಪೋಷಕರಿಂದ ಪ್ರತಿ ವರ್ಷ ಕೇಳಿಬರುವ ಮಾತು ಒಂದೇ: ‘ರಾತ್ರಿ ಹನ್ನೊಂದರವರೆಗೆ ಓದ್ತಾಳೆ, ಬೇರೆ ವಿಷಯ ಪರವಾಗಿಲ್ಲ, ಕೆಮಿಸ್ಟ್ರಿಯಲ್ಲೇ ಅಂಕ ಬರ್ತಿಲ್ಲ.’ ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಓದುತ್ತಿರುವುದೂ ನಿಜ, ಅಂಕ ಬಾರದಿರುವುದೂ ನಿಜ. ಆ ಗಂಟೆಗಳಲ್ಲಿ ಕೈಯಲ್ಲಿ ಪೆನ್ನು ಇತ್ತೇ, ಎದುರಿಗಿನ ಪುಸ್ತಕ ಮುಚ್ಚಿತ್ತೇ ಎಂದು ಯಾರೂ ಕೇಳುವುದಿಲ್ಲ. ಪದವಿಪೂರ್ವ ಹಂತದಲ್ಲಿ ರಸಾಯನಶಾಸ್ತ್ರ ಬೋಧಿಸುವ ನಾವು ಕೆಲವರು ಇದನ್ನೇ ಹೇಳಲು ಈ ಪತ್ರ ಬರೆಯುತ್ತಿದ್ದೇವೆ. ಪತ್ರ ಸ್ವಲ್ಪ ದೀರ್ಘವಾಗಿದೆ. ‘ಚೆನ್ನಾಗಿ ಓದಿ’ ಎಂಬ ಬುದ್ಧಿಮಾತು ಮಕ್ಕಳಿಗೆ ಬೇಕಾದಷ್ಟು ಸಿಕ್ಕಿದೆ; ಹೇಗೆ ಎಂಬ ವಿವರ ಸಿಗುತ್ತಿಲ್ಲ.

ಮೊದಲು, ಓದಿದ್ದು ನಿಲ್ಲದಿರುವುದೇಕೆ ಎಂದು ನೋಡೋಣ. ಹೈಲೈಟರ್ ಹಿಡಿದು ಒಂದೇ ಅಧ್ಯಾಯವನ್ನು ಮೂರು ಸಲ ಓದಿದರೆ ಮೂರನೇ ಸಲ ಎಲ್ಲವೂ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ವಿದ್ಯಾರ್ಥಿ ‘ಬರುತ್ತದೆ’ ಎಂದುಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಪುಟ ಕಣ್ಣಮುಂದಿರುವುದಿಲ್ಲ, ಸಮೀಕರಣವನ್ನು ಖಾಲಿ ಹಾಳೆಯ ಮೇಲೆ ತಾನೇ ಕಟ್ಟಬೇಕು. ನೋಡಿ ಗುರುತಿಸುವ ಶಕ್ತಿ ಬೇರೆ, ನೆನಪಿನಿಂದ ಹೊರತೆಗೆಯುವ ಶಕ್ತಿ ಬೇರೆ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ಮತ್ತೆ ಓದದೆ ನೆನಪಿನಿಂದ ಬರೆದು ನೋಡಿಕೊಂಡವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಬಂದಂತೆ ಅನಿಸಿ, ನಾಲ್ಕು ದಿನ ಕಳೆಯುವುದರೊಳಗೆ ಮಾಯವಾಗುವುದಕ್ಕೆ ಕಾರಣ ಇದೇ.

ಹಾಗಾಗಿ ಮೊದಲ ಅಭ್ಯಾಸ: ತರಗತಿಯಲ್ಲಿ ಪಾಠವಾದ ದಿನವೇ ಸಂಜೆ, ನೋಟ್ಸ್ ತೆರೆಯುವ ಮುಂಚೆ, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ನೆನಪಿದ್ದಷ್ಟನ್ನು ಬರೆಯುವುದು. ಸೂತ್ರ, ರಿಯಾಕ್ಷನ್, ಕಾರಣ, ಚಿತ್ರ ಯಾವುದಾದರೂ ಸರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಪೆನ್ನಿನಲ್ಲಿ ಸೇರಿಸಬೇಕು. ಮೂರನೇ ದಿನ, ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ ಮತ್ತೆ ಬರೆಯಬೇಕಾದದ್ದು ಈ ಕೆಂಪು ಭಾಗವನ್ನಷ್ಟೇ. ಕಪ್ಪು ಶಾಯಿಯಲ್ಲಿ ಸರಿಯಾಗಿ ಬಂದದ್ದಕ್ಕೆ ಮತ್ತೆ ಸಮಯ ಸುರಿಯುವ ಅಗತ್ಯವಿಲ್ಲ. ಬಹುತೇಕ ಮಕ್ಕಳು ಇದಕ್ಕೆ ವಿರುದ್ಧವಾಗಿ ಮಾಡುತ್ತಾರೆ. ಬರುವುದನ್ನೇ ಮತ್ತೆ ಮತ್ತೆ ಓದಿ ಸಮಾಧಾನಪಟ್ಟುಕೊಂಡು, ಬಾರದ ಪುಟವನ್ನು ‘ಆಮೇಲೆ ನೋಡೋಣ’ ಎಂದು ತಿರುಗಿಸಿಬಿಡುತ್ತಾರೆ.

ಇನ್ನು ಲೆಕ್ಕಗಳಿಗೆ ಬರುತ್ತೇವೆ. ದ್ರಾವಣಗಳು, ಎಲೆಕ್ಟ್ರೋಕೆಮಿಸ್ಟ್ರಿ, ರಾಸಾಯನಿಕ ಚಲನಶಾಸ್ತ್ರ, ಈ ಮೂರು ಅಧ್ಯಾಯಗಳಲ್ಲಿ ಅಂಕ ಸೋರಿಹೋಗುವುದು ಸೂತ್ರ ಗೊತ್ತಿಲ್ಲದ್ದರಿಂದ ಕಡಿಮೆ, ಘಟಕಗಳಿಂದ (ಯೂನಿಟ್‌ಗಳಿಂದ) ಹೆಚ್ಚು. 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಅನ್ನು 250 ಮಿ.ಲೀ. ದ್ರಾವಣವಾಗಿಸಿದರೆ ಮೊಲಾರಿಟಿ, ಅಂದರೆ ಒಂದು ಲೀಟರ್ ದ್ರಾವಣದಲ್ಲಿರುವ ಮೋಲ್‌ಗಳು, ಎಷ್ಟು? 4ನ್ನು ಒಂದು ಮೋಲ್‌ನ ತೂಕವಾದ 40ರಿಂದ ಭಾಗಿಸಿದರೆ 0.1 ಮೋಲ್, ಅದನ್ನು 0.25 ಲೀಟರ್‌ನಿಂದ ಭಾಗಿಸಿದರೆ 0.4 ಮೊಲಾರ್. ಮಿಲಿಲೀಟರನ್ನು ಲೀಟರ್ ಮಾಡದೆ 250ರಿಂದಲೇ ಭಾಗಿಸಿ 0.0004 ಎಂದು ಬರೆದ ಉತ್ತರಗಳು ಪ್ರತಿ ಕಟ್ಟಿನಲ್ಲೂ ಇರುತ್ತವೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ಘಟಕ ಬರೆದಿದ್ದರೆ, ‘ಮೋಲ್ ಪ್ರತಿ ಮಿಲಿಲೀಟರ್’ ಎಂಬುದು ಕಣ್ಣಿಗೆ ಹೊಡೆದು ತಪ್ಪು ಅಲ್ಲೇ ಸಿಕ್ಕುತ್ತಿತ್ತು.

ಇದಕ್ಕಿಂತ ಸೂಕ್ಷ್ಮವಾದದ್ದು ಅನಿಲ ಸ್ಥಿರಾಂಕದ ಗೊಂದಲ. 300 ಕೆಲ್ವಿನ್‌ನಲ್ಲಿ 0.1 ಮೊಲಾರ್ ಗ್ಲೂಕೋಸ್ ದ್ರಾವಣದ ಆಸ್ಮೋಟಿಕ್ ಒತ್ತಡ ಕೇಳಿದ್ದಾರೆ ಎನ್ನಿ. ಸ್ಥಿರಾಂಕ 0.083 ಲೀಟರ್ ಬಾರ್ ತೆಗೆದುಕೊಂಡರೆ 2.49 ಬಾರ್ ಬರುತ್ತದೆ. ಥರ್ಮೋಡೈನಮಿಕ್ಸ್‌ನಲ್ಲಿ ಬಳಸಿ ರೂಢಿಯಾದ 8.314 ಹಾಕಿದರೆ 249 ಬರುತ್ತದೆ, ವಿದ್ಯಾರ್ಥಿ ಅದನ್ನೂ ‘249 ಬಾರ್’ ಎಂದೇ ಬರೆಯುತ್ತಾನೆ. ಆ 249 ನಿಜವಾಗಿ ಕಿಲೋಪಾಸ್ಕಲ್, ಅಂದರೆ ಅದೇ 2.49 ಬಾರ್! ಲೆಕ್ಕ ಸರಿಯಿದ್ದೂ ಅಂಕ ಹೋಯಿತು. ಆದ್ದರಿಂದ ಸ್ಥಿರಾಂಕವನ್ನು ಬರಿಯ ಸಂಖ್ಯೆಯಾಗಿ ಬಾಯಿಪಾಠ ಮಾಡಬಾರದು, ಘಟಕದ ಸಮೇತ ಕಲಿಯಬೇಕು. ಒತ್ತಡ ಬಾರ್‌ನಲ್ಲೂ ಪರಿಮಾಣ ಲೀಟರ್‌ನಲ್ಲೂ ಇದ್ದರೆ 0.083, ಅಟ್ಮಾಸ್ಫಿಯರ್ ಇದ್ದರೆ 0.0821, ಶಕ್ತಿ ಜೂಲ್‌ನಲ್ಲಿದ್ದರೆ 8.314.

ಅಯಾನುಗಳ ಸಾಂದ್ರತೆಯಿಂದ ವಿದ್ಯುತ್ ಕೋಶದ ವಿಭವ (ವೋಲ್ಟೇಜ್) ಕಂಡುಹಿಡಿಯುವ ನರ್ನ್‌ಸ್ಟ್ ಸಮೀಕರಣದ ಲೆಕ್ಕಗಳಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಒಂದು, ಲಾಗ್‌ನ ಒಳಗಿನ ಭಿನ್ನರಾಶಿ ತಲೆಕೆಳಗಾಗುವುದು. ಎರಡು, ಘಾತ ಮರೆಯುವುದು. ಮೆಗ್ನೀಷಿಯಂ–ಬೆಳ್ಳಿ ಕೋಶವನ್ನೇ ತೆಗೆದುಕೊಳ್ಳಿ. ಪ್ರಮಾಣಿತ ವಿಭವ 3.17 ವೋಲ್ಟ್, ಮೆಗ್ನೀಷಿಯಂ ಅಯಾನು 0.130 ಮೊಲಾರ್, ಬೆಳ್ಳಿ ಅಯಾನು 0.0001 ಮೊಲಾರ್. ಒಂದು ಮೆಗ್ನೀಷಿಯಂ ಪರಮಾಣು ಎರಡು ಬೆಳ್ಳಿ ಅಯಾನುಗಳಿಗೆ ಎಲೆಕ್ಟ್ರಾನ್ ಕೊಡುವುದರಿಂದ ಬೆಳ್ಳಿಯ ಸಾಂದ್ರತೆಗೆ ವರ್ಗ ಹಾಕಬೇಕು. ಹಾಕಿದರೆ ಉತ್ತರ 2.96 ವೋಲ್ಟ್, ಮರೆತರೆ 3.08. ಎರಡೂ ಉತ್ತರ ನೋಡಲು ಸಭ್ಯವಾಗಿಯೇ ಇರುವುದರಿಂದ ತಪ್ಪು ತಾನಾಗಿ ಹೊರಬೀಳುವುದಿಲ್ಲ. ಪರಿಹಾರ ಸರಳ: ಸೂತ್ರಕ್ಕೆ ಕೈಹಾಕುವ ಮೊದಲು ಎರಡು ಅರ್ಧಕ್ರಿಯೆಗಳನ್ನು ಬರೆದು, ಎಲೆಕ್ಟ್ರಾನ್ ಸರಿದೂಗಿಸಿ, ಪೂರ್ಣ ಸಮೀಕರಣ ಬರೆಯಿರಿ. ಎಷ್ಟು ಎಲೆಕ್ಟ್ರಾನ್ ಎಂಬುದೂ ಯಾವುದಕ್ಕೆ ಯಾವ ಘಾತ ಎಂಬುದೂ ಅಲ್ಲೇ ಕಾಣುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಕ್ರಿಯಾಕಾರಿಯಾದ ಬೆಳ್ಳಿ ಅಯಾನು ಇಷ್ಟು ಕಡಿಮೆಯಿದ್ದು ಉತ್ಪನ್ನ ಹೆಚ್ಚಿದ್ದರೆ, ವಿಭವ ಪ್ರಮಾಣಿತಕ್ಕಿಂತ ಇಳಿಯಬೇಕೋ ಏರಬೇಕೋ? ಇಳಿಯಬೇಕು. 3.17ಕ್ಕಿಂತ ಹೆಚ್ಚು ಬಂದಿದ್ದರೆ ಭಿನ್ನರಾಶಿ ತಿರುವುಮುರುವಾಗಿದೆ ಎಂದೇ ಅರ್ಥ.

ಚಲನಶಾಸ್ತ್ರದಲ್ಲಿ ದರ ಸ್ಥಿರಾಂಕದ ಘಟಕವೇ ಕ್ರಿಯೆಯ ದರ್ಜೆಯನ್ನು ಹೇಳಿಬಿಡುತ್ತದೆ. ಘಟಕ ‘ಪ್ರತಿ ಸೆಕೆಂಡ್’ ಎಂದಷ್ಟೇ ಇದ್ದರೆ ಮೊದಲ ದರ್ಜೆ, ‘ಮೋಲ್ ಪ್ರತಿ ಲೀಟರ್ ಪ್ರತಿ ಸೆಕೆಂಡ್’ ಇದ್ದರೆ ಶೂನ್ಯ ದರ್ಜೆ. ಮೊದಲ ದರ್ಜೆಯ ಕ್ರಿಯೆ ಶೇ 99.9ರಷ್ಟು ಮುಗಿಯಲು ಹತ್ತು ಅರ್ಧಾಯುಷ್ಯ ಬೇಕೆಂಬುದನ್ನು ಬಾಯಿಪಾಠ ಮಾಡುವುದೇಕೆ? ಪ್ರತಿ ಅರ್ಧಾಯುಷ್ಯಕ್ಕೆ ಉಳಿದದ್ದು ಅರ್ಧವಾಗುತ್ತದೆ; ಎರಡನ್ನು ಹತ್ತು ಸಲ ಗುಣಿಸಿದರೆ 1024, ಅಂದರೆ ಉಳಿದದ್ದು ಸಾವಿರದಲ್ಲಿ ಸುಮಾರು ಒಂದು ಭಾಗ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ನೀಟ್‌ನಲ್ಲೂ ಇಲ್ಲ. ಹಾಗಾಗಿ 2, 3, 5, 7ರ ಲಾಗ್ ಬೆಲೆಗಳು (0.301, 0.477, 0.699, 0.845) ಮಗ್ಗಿಯಂತೆ ನಾಲಗೆ ತುದಿಯಲ್ಲಿರಬೇಕು. ಇವು ಗೊತ್ತಿದ್ದರೆ 4, 6, 8, 9ರ ಬೆಲೆಗಳನ್ನು ಕೂಡಿಸಿಯೇ ಪಡೆಯಬಹುದು. ಮನೆಯಲ್ಲಿ ಪ್ರತಿ ಗುಣಾಕಾರಕ್ಕೂ ಮೊಬೈಲ್ ತೆಗೆಯುವ ವಿದ್ಯಾರ್ಥಿ ಪರೀಕ್ಷಾ ಕೊಠಡಿಯಲ್ಲಿ ಪರದಾಡುವುದು ಖಂಡಿತ.

ಬಿಡಿಸಿದ ಉದಾಹರಣೆಯನ್ನು ಓದಿ ‘ಅರ್ಥವಾಯಿತು’ ಎಂದು ಮುಂದೆ ಹೋಗುವುದು ಲೆಕ್ಕದ ಅಧ್ಯಾಯಗಳಲ್ಲಿ ಅತ್ಯಂತ ಅಪಾಯದ ಅಭ್ಯಾಸ. ಎನ್‌ಸಿಇಆರ್‌ಟಿ ಪುಸ್ತಕದ ಉದಾಹರಣೆಯ ಪ್ರಶ್ನೆಯನ್ನಷ್ಟೇ ಓದಿ, ಉತ್ತರವನ್ನು ಕೈಯಿಂದ ಮುಚ್ಚಿ, ತಾನೇ ಬಿಡಿಸಬೇಕು. ಸಿಕ್ಕಿಹಾಕಿಕೊಂಡರೆ ಒಂದೇ ಒಂದು ಸಾಲು ತೆರೆದು ನೋಡಿ, ಮತ್ತೆ ಮುಚ್ಚಿ ಮುಂದುವರಿಯಬೇಕು. ಮರುದಿನ ಅದೇ ಲೆಕ್ಕವನ್ನು ಸಂಖ್ಯೆ ಬದಲಿಸಿ ಮಾಡಬೇಕು. ದಿನಕ್ಕೆ ಐದು ಲೆಕ್ಕ ಸಾಕು; ಆದರೆ ಐದೂ ಒಂದೇ ಅಧ್ಯಾಯದ್ದಾಗಬಾರದು. ಒಂದು ಮೊಲಾಲಿಟಿ, ಒಂದು ಅರ್ಧಾಯುಷ್ಯ, ಒಂದು ಫ್ಯಾರಡೆ ನಿಯಮ ಹೀಗೆ ಬೆರೆತಿರಬೇಕು. ಪರೀಕ್ಷೆಯಲ್ಲಿ ‘ಇದು ಇಂಥ ಸೂತ್ರದ ಲೆಕ್ಕ’ ಎಂದು ಯಾರೂ ತಲೆಬರಹ ಹಾಕಿ ಕೊಡುವುದಿಲ್ಲ, ಸೂತ್ರವನ್ನು ಆರಿಸುವುದೂ ಕಲಿಕೆಯ ಭಾಗವೇ.

ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂದರೆ ಮಕ್ಕಳಿಗೆ ಭಯ. ಅದಕ್ಕೆ ಕಾರಣ ರಿಯಾಕ್ಷನ್‌ಗಳ ಸಂಖ್ಯೆ ಅಲ್ಲ, ಅವನ್ನು ಕಲಿಯುತ್ತಿರುವ ಕ್ರಮ. ಪುಸ್ತಕದಲ್ಲಿ ಒಂದು ರಿಯಾಕ್ಷನ್ ಪುಟ 180ರಲ್ಲಿ, ಅದಕ್ಕೆ ಹತ್ತಿರದ್ದು 220ರಲ್ಲಿ ಎಂಬಂತೆ ಚದುರಿರುತ್ತದೆ. ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಕಲಸಿಹೋಗುವ ಜೋಡಿಗಳನ್ನೇ ಹುಡುಕಿ ಎದುರುಬದುರು ಇಟ್ಟು ಕಲಿಯಬೇಕು. ಹ್ಯಾಲೋಆಲ್ಕೇನ್‌ಗೆ ಜಲೀಯ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹಾಕಿದರೆ ಹ್ಯಾಲೋಜನ್‌ನ ಜಾಗಕ್ಕೆ ಹೈಡ್ರಾಕ್ಸಿಲ್ ಬಂದು ಆಲ್ಕೋಹಾಲ್. ಆಲ್ಕೋಹಾಲ್‌ನಲ್ಲಿ ಕರಗಿಸಿದ ಅದೇ ಕ್ಷಾರ ಹಾಕಿ ಕಾಯಿಸಿದರೆ ಹೈಡ್ರೋಜನ್ ಹ್ಯಾಲೈಡ್ ಕಳಚಿ ಆಲ್ಕೀನ್. ಪೊಟ್ಯಾಷಿಯಂ ಸಯನೈಡ್ ಕೊಟ್ಟರೆ ನೈಟ್ರೈಲ್, ಸಿಲ್ವರ್ ಸಯನೈಡ್ ಕೊಟ್ಟರೆ ಐಸೊಸಯನೈಡ್. ಮೊದಲನೆಯದು ಅಯಾನಿಕ್, ಹಾಗಾಗಿ ಸಯನೈಡ್ ಅಯಾನು ಕಾರ್ಬನ್ ತುದಿಯಿಂದ ಬಂಧ ಕಟ್ಟುತ್ತದೆ. ಎರಡನೆಯದು ಬಹುಮಟ್ಟಿಗೆ ಕೋವೇಲೆಂಟ್, ಅಲ್ಲಿ ಕಾರ್ಬನ್ ಬೆಳ್ಳಿಗೆ ಕಟ್ಟಿಕೊಂಡಿರುವುದರಿಂದ ನೈಟ್ರೋಜನ್ ತುದಿಯಷ್ಟೇ ಬಿಡುವಾಗಿರುತ್ತದೆ. ಕಾರಣ ತಿಳಿದರೆ ಈ ಜೋಡಿ ಜನ್ಮದಲ್ಲಿ ಅದಲುಬದಲಾಗುವುದಿಲ್ಲ.

ಆಲ್ಡಾಲ್ ಮತ್ತು ಕ್ಯಾನಿಜಾರೊ ಇನ್ನೊಂದು ಜೋಡಿ. ಕಾರ್ಬೊನಿಲ್ ಗುಂಪಿನ ಪಕ್ಕದ ಇಂಗಾಲದ ಮೇಲೆ, ಅಂದರೆ ಆಲ್ಫಾ ಸ್ಥಾನದಲ್ಲಿ, ಹೈಡ್ರೋಜನ್ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ, ದುರ್ಬಲಗೊಳಿಸಿದ ಕ್ಷಾರದೊಂದಿಗೆ ಆಲ್ಡಾಲ್. ಇಲ್ಲದಿದ್ದರೆ, ಸಾಂದ್ರ ಕ್ಷಾರದೊಂದಿಗೆ ಕ್ಯಾನಿಜಾರೊ. ಮೆಥನಾಲ್ ಮತ್ತು ಬೆಂಜಾಲ್ಡಿಹೈಡ್‌ಗಳಲ್ಲಿ ಆಲ್ಫಾ ಹೈಡ್ರೋಜನ್ ಇಲ್ಲ, ಎಥನಾಲ್‌ನಲ್ಲಿ ಮೂರಿವೆ. (ಇಲ್ಲಿ ಹೇಳುತ್ತಿರುವುದು ಆಲ್ಡಿಹೈಡ್‌ಗಳ ಹೆಸರು. ಆಲ್ಕೋಹಾಲ್‌ಗಳಾದ ಮೆಥನಾಲ್, ಎಥನಾಲ್ ಕನ್ನಡ ಲಿಪಿಯಲ್ಲೂ ಉಚ್ಚಾರದಲ್ಲೂ ಇವುಗಳಂತೆಯೇ ಕಾಣುವುದರಿಂದ ಇಂಗ್ಲಿಷ್ ಕಾಗುಣಿತದ ಕೊನೆಯ ಮೂರಕ್ಷರ ನೋಡದೆ ಮುಂದೆ ಹೋಗಬಾರದು.) ಫೀನಾಲ್‌ಗೆ ಬ್ರೋಮಿನ್ ನೀರು ಹಾಕಿದರೆ ಮೂರು ಬ್ರೋಮಿನ್ ಕೂತ ಬಿಳಿ ಒತ್ತರ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿದ ಬ್ರೋಮಿನ್ ಅನ್ನು ಕಡಿಮೆ ತಾಪದಲ್ಲಿ ಹಾಕಿದರೆ ಒಂದೇ ಬ್ರೋಮಿನ್ ಕೂರುತ್ತದೆ, ಪ್ಯಾರಾ ಸ್ಥಾನದ್ದು ಹೆಚ್ಚು. ನೀರಿನಲ್ಲಿ ಫೀನಾಲ್ ಅಯಾನೀಕರಿಸಿ ಫೀನಾಕ್ಸೈಡ್ ಆಗುವುದರಿಂದ ಉಂಗುರ ಇನ್ನಷ್ಟು ಚುರುಕಾಗುತ್ತದೆ, ವ್ಯತ್ಯಾಸದ ಗುಟ್ಟು ಅಷ್ಟೇ. ಇಂಥ ಪ್ರಶ್ನೆಗಳಲ್ಲಿ ಬಾಣದ ಮೇಲೆ ಬರೆಯುವ ಕಾರಕ, ದ್ರಾವಕ, ತಾಪಮಾನಗಳೇ ಉತ್ತರದ ಪ್ರಾಣ. ಅನಿಲೀನ್‌ನಿಂದ ಡಯಜೋನಿಯಂ ಲವಣ ಮಾಡುವಾಗ 273ರಿಂದ 278 ಕೆಲ್ವಿನ್ ಎಂದು ಬರೆಯದಿದ್ದರೆ ರಿಯಾಕ್ಷನ್ ಅರ್ಧವೇ ಆದಂತೆ, ಬಿಸಿಯಾದರೆ ಆ ಲವಣ ಒಡೆದು ಫೀನಾಲ್ ಆಗಿಬಿಡುತ್ತದೆ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ನಡುವೆ ಬೆಂಜೀನ್ ಬರೆದು, ಅಲ್ಲಿಂದ ನೈಟ್ರೋಬೆಂಜೀನ್, ಅನಿಲೀನ್, ಡಯಜೋನಿಯಂ ಲವಣ, ಫೀನಾಲ್, ಕ್ಲೋರೋಬೆಂಜೀನ್ ಎಂದು ಬಾಣಗಳ ಜಾಲ ಕಟ್ಟಿ ಗೋಡೆಗೆ ಅಂಟಿಸುವುದು ಒಳ್ಳೆಯದೇ. ಆದರೆ ಅಂಟಿಸಿ ಬಿಟ್ಟರೆ ಅದು ಅಲಂಕಾರ. ವಾರಕ್ಕೊಮ್ಮೆ ಸಂಯುಕ್ತಗಳ ಹೆಸರನ್ನಷ್ಟೇ ಹೊಸ ಹಾಳೆಯಲ್ಲಿ ಬರೆದುಕೊಂಡು, ಬಾಣಗಳನ್ನೂ ಅವುಗಳ ಮೇಲಿನ ಕಾರಕಗಳನ್ನೂ ನೋಡದೆ ತುಂಬಬೇಕು. ‘ಅನಿಲೀನ್‌ನಿಂದ ಕ್ಲೋರೋಬೆಂಜೀನ್ ಹೇಗೆ?’ ಎಂಬಂಥ ಪರಿವರ್ತನೆ ಪ್ರಶ್ನೆಗೆ ಹಿಂದಿನಿಂದ ಮುಂದಕ್ಕೆ ಯೋಚಿಸಬೇಕು: ಕ್ಲೋರೋಬೆಂಜೀನ್ ಯಾವುದರಿಂದ ಬರುತ್ತದೆ? ಡಯಜೋನಿಯಂ ಲವಣಕ್ಕೆ ಕ್ಯುಪ್ರಸ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ. ಆ ಲವಣ ಅನಿಲೀನ್‌ನಿಂದ. ಮುಗಿಯಿತು.

ಆದರೆ ಎಲ್ಲವೂ ತರ್ಕದಿಂದಲೇ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ನೀರಿನಲ್ಲಿ ಮೀಥೈಲ್ ಅಮೀನ್‌ಗಳ ಕ್ಷಾರಗುಣದ ಕ್ರಮ ದ್ವಿತೀಯ, ಪ್ರಾಥಮಿಕ, ತೃತೀಯ. ಈಥೈಲ್ ಅಮೀನ್‌ಗಳದ್ದು ದ್ವಿತೀಯ, ತೃತೀಯ, ಪ್ರಾಥಮಿಕ. ಎಲೆಕ್ಟ್ರಾನ್ ತಳ್ಳುವಿಕೆ, ನೀರಿನ ಅಣುಗಳ ಆಸರೆ, ಗುಂಪುಗಳ ಇಕ್ಕಟ್ಟು ಈ ಮೂರರ ಜಗ್ಗಾಟದ ಫಲ ಇದು. ಕಾರಣ ವಿವರಿಸಬಹುದು, ಆದರೆ ಕ್ರಮವನ್ನು ನೆನಪಿಟ್ಟುಕೊಳ್ಳಲೇಬೇಕು. ಇಂಥವಕ್ಕೆ ಸಣ್ಣ ಕಾರ್ಡ್‌ಗಳು ಒಳ್ಳೆಯವು: ಮುಂದೆ ಪ್ರಶ್ನೆ, ಹಿಂದೆ ಉತ್ತರ, ಬಸ್ಸಿಗೆ ಕಾಯುವಾಗ ಹತ್ತು ಕಾರ್ಡ್ ತಿರುವಿದರಾಯಿತು.

ಡಿ ಬ್ಲಾಕ್ ಮತ್ತು ಕೋಆರ್ಡಿನೇಷನ್ ಸಂಯುಕ್ತಗಳು ಹೆಚ್ಚು ಅಂಕ ತರುವ, ಕಡಿಮೆ ಶ್ರಮ ಬೇಡುವ ಅಧ್ಯಾಯಗಳು. ಎಲೆಕ್ಟ್ರಾನ್ ವಿನ್ಯಾಸ ಕೈಗೆ ಬಂದರೆ ಬಣ್ಣ, ಕಾಂತಗುಣ, ಉತ್ಕರ್ಷಣ ಸ್ಥಿತಿ ಎಲ್ಲ ಅದರ ಹಿಂದೆಯೇ ಬರುತ್ತವೆ. ಇಲ್ಲಿನ ಮಾಮೂಲಿ ತಪ್ಪು, ಅಯಾನು ಮಾಡುವಾಗ 3ಡಿಯಿಂದ ಎಲೆಕ್ಟ್ರಾನ್ ಕಳೆಯುವುದು. ಹೋಗಬೇಕಾದದ್ದು ಮೊದಲು 4ಎಸ್‌ನಿಂದ. ಫೆರಿಕ್ ಅಯಾನಿನಲ್ಲಿ 3ಡಿಯಲ್ಲಿ ಐದು ಒಂಟಿ ಎಲೆಕ್ಟ್ರಾನ್, ಕಾಂತ ಮಹತ್ವ (ಮ್ಯಾಗ್ನೆಟಿಕ್ ಮೊಮೆಂಟ್) 5.92 ಬೋರ್ ಮ್ಯಾಗ್ನೆಟಾನ್. ಒಂದರಿಂದ ಐದರವರೆಗಿನ ಒಂಟಿ ಎಲೆಕ್ಟ್ರಾನ್‌ಗಳಿಗೆ 1.73, 2.83, 3.87, 4.90, 5.92 ಎಂಬ ಬೆಲೆಗಳು ಗೊತ್ತಿದ್ದರೆ ಆಯ್ಕೆ ಪ್ರಶ್ನೆಗಳಲ್ಲಿ ಅರ್ಧ ನಿಮಿಷ ಉಳಿಯುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಎಡವುವ ಅನೇಕರ ಮೂಲ ಸಮಸ್ಯೆ ಪ್ರಥಮ ಪಿಯುಸಿಯಲ್ಲಿದೆ. ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಬಾರದ ಪಾಠವೆಂದು ಅದನ್ನು ಹಗುರವಾಗಿ ದಾಟಿಸಿದ್ದರ ಬೆಲೆಯಿದು. ಮೋಲ್ ಪರಿಕಲ್ಪನೆ ಅಲುಗಾಡುತ್ತಿದ್ದರೆ ದ್ರಾವಣಗಳ ಅಧ್ಯಾಯ ನಿಲ್ಲುವುದಿಲ್ಲ. ರೆಡಾಕ್ಸ್ ಸರಿದೂಗಿಸಲು ಬಾರದಿದ್ದರೆ ಎಲೆಕ್ಟ್ರೋಕೆಮಿಸ್ಟ್ರಿಯೂ ಇಲ್ಲ, ಪರ್ಮಾಂಗನೇಟ್ ಟೈಟ್ರೇಷನ್ ಲೆಕ್ಕವೂ ಇಲ್ಲ. ಇಂಡಕ್ಟಿವ್ ಮತ್ತು ರೆಸೊನೆನ್ಸ್ ಪರಿಣಾಮ ತಿಳಿಯದೆ ಆಮ್ಲಗಳ ಬಲವನ್ನು ಹೋಲಿಸಲಾಗದು. ಈ ಮೂರು ಮತ್ತು ಐಯುಪಿಎಸಿ ನಾಮಕರಣ, ಒಟ್ಟು ನಾಲ್ಕನ್ನು ದಿನಕ್ಕೆ ಮುಕ್ಕಾಲು ಗಂಟೆಯಂತೆ ಮೂರು ವಾರ ಕೂತು ದುರಸ್ತಿ ಮಾಡಿಕೊಂಡರೆ ಉಳಿದ ವರ್ಷ ಸಲೀಸು. ‘ಈಗ ಸಮಯವಿಲ್ಲ’ ಎನ್ನುವವರಿಗೇ ಇದು ಹೆಚ್ಚು ಅಗತ್ಯ. ನೀಟ್ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ: 2023ರಲ್ಲಿ ಪರಿಷ್ಕೃತವಾಗಿ ಬಂದ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಪಿ ಬ್ಲಾಕ್ ಅಧ್ಯಾಯಗಳಿಲ್ಲ, ಆದರೆ ನೀಟ್ ಪಠ್ಯಕ್ರಮದಲ್ಲಿ ಪಿ ಬ್ಲಾಕ್ ಇದೆ. ಹಳೆಯ ಮುದ್ರಣದ ಪುಸ್ತಕವನ್ನು ಸೀನಿಯರ್‌ಗಳಿಂದ ಪಡೆದಿಟ್ಟುಕೊಳ್ಳಿ.

ಪ್ರಾಯೋಗಿಕಕ್ಕೆ 30 ಅಂಕ, ಲಿಖಿತಕ್ಕೆ 70. ಲ್ಯಾಬನ್ನು ಕೊನೆಯ ತಿಂಗಳ ಶಾಸ್ತ್ರವಾಗಿ ಮುಗಿಸುವುದರಿಂದ ಆಗುವ ನಷ್ಟ ಈ 30ಕ್ಕೇ ನಿಲ್ಲುವುದಿಲ್ಲ. ಆಕ್ಸಾಲಿಕ್ ಆಮ್ಲವನ್ನು ಪರ್ಮಾಂಗನೇಟ್‌ನಿಂದ ಟೈಟ್ರೇಟ್ ಮಾಡುವುದನ್ನು ನೋಡಿ. ಬ್ಯೂರೆಟ್ ಮತ್ತು ಪಿಪೆಟ್‌ಗಳನ್ನು ತುಂಬಬೇಕಾದ ದ್ರಾವಣದಿಂದಲೇ ತೊಳೆಯಬೇಕು, ಇಲ್ಲವಾದರೆ ಒಳಗುಳಿದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ. ಶಂಕುವಿನಾಕಾರದ ಫ್ಲಾಸ್ಕನ್ನು ಮಾತ್ರ ಬಟ್ಟಿ ಇಳಿಸಿದ ನೀರಿನಿಂದಷ್ಟೇ ತೊಳೆಯಬೇಕು. ಅಲ್ಲಿ ಮುಖ್ಯವಾದದ್ದು ಆಮ್ಲದ ಮೋಲ್‌ಗಳ ಸಂಖ್ಯೆ, ನೀರು ಸೇರಿದರೆ ಅದು ಬದಲಾಗುವುದಿಲ್ಲ. ಆಮ್ಲದಿಂದ ತೊಳೆದರೆ ಒಂದಿಷ್ಟು ಮೋಲ್ ಹೆಚ್ಚುವರಿಯಾಗಿ ಉಳಿದು ರೀಡಿಂಗ್ ಏರುತ್ತದೆ. ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಬೇಕು. ಹೈಡ್ರೋಕ್ಲೋರಿಕ್ ಆಮ್ಲ ಏಕಾಗದು? ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಆಗಿ ಉತ್ಕರ್ಷಿಸಿ ವ್ಯರ್ಥವಾಗಿ ಖರ್ಚಾಗುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ. ಆಮ್ಲ ಸಾಲದಿದ್ದರೆ ಮ್ಯಾಂಗನೀಸ್ ಡೈಆಕ್ಸೈಡ್‌ನ ಕಂದು ಬಣ್ಣದ ಕದಡು ಮೂಡಿ ಕೊನೆಯ ಬಿಂದುವೇ ಸಿಗುವುದಿಲ್ಲ. ಮೊದಲ ಕೆಲವು ಹನಿಗಳ ಬಣ್ಣ ನಿಧಾನವಾಗಿ ಮಾಯವಾಗಿ, ಆಮೇಲಿನವು ಬಿದ್ದ ಕೂಡಲೇ ಮಾಯವಾಗುತ್ತವೆ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನೇ ವೇಗವರ್ಧಕವಾಗುವುದರಿಂದ ಹೀಗೆ. ಚಲನಶಾಸ್ತ್ರದ ಪಾಠ ಕಣ್ಣಮುಂದೆಯೇ ನಡೆಯುತ್ತಿರುತ್ತದೆ! ದ್ರಾವಣದ ಬಣ್ಣ ಗಾಢವಾದ್ದರಿಂದ ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು, ಕೆಳಗಿನದನ್ನಲ್ಲ.

ಲೆಕ್ಕವೂ ಅಷ್ಟೇ. ಎರಡು ಪರ್ಮಾಂಗನೇಟ್‌ಗೆ ಐದು ಆಕ್ಸಲೇಟ್. 10 ಮಿ.ಲೀ. 0.05 ಮೊಲಾರ್ ಆಕ್ಸಾಲಿಕ್ ಆಮ್ಲಕ್ಕೆ 10 ಮಿ.ಲೀ. ಪರ್ಮಾಂಗನೇಟ್ ಹಿಡಿದರೆ ಅದರ ಸಾಂದ್ರತೆ 0.02 ಮೊಲಾರ್. ಆಕ್ಸಾಲಿಕ್ ಆಮ್ಲ ತೂಗುವಾಗ ಅದರ ಹರಳಿನಲ್ಲಿರುವ ಎರಡು ನೀರಿನ ಅಣುಗಳನ್ನು ಸೇರಿಸಿ ಒಂದು ಮೋಲ್‌ನ ತೂಕವನ್ನು 126 ಎಂದು ಹಿಡಿಯಬೇಕು, 250 ಮಿ.ಲೀ. 0.05 ಮೊಲಾರ್ ದ್ರಾವಣಕ್ಕೆ 1.575 ಗ್ರಾಂ. 90 ಎಂದು ಹಿಡಿದು 1.125 ಗ್ರಾಂ ತೂಗಿದರೆ ಮುಂದಿನ ಎಲ್ಲ ರೀಡಿಂಗ್ ಎಷ್ಟೇ ಶಿಸ್ತಾಗಿದ್ದರೂ ಫಲಿತಾಂಶ ತಪ್ಪು. ಲವಣ ವಿಶ್ಲೇಷಣೆಯಲ್ಲೂ ಅಷ್ಟೇ, ಮೂರನೇ ಗುಂಪಿಗೆ ಅಮೋನಿಯಂ ಹೈಡ್ರಾಕ್ಸೈಡ್‌ಗಿಂತ ಮೊದಲು ಅಮೋನಿಯಂ ಕ್ಲೋರೈಡ್ ಏಕೆ ಹಾಕುತ್ತೇವೆಂದು ಕೇಳಿದರೆ ಸಾಮಾನ್ಯ ಅಯಾನು ಪರಿಣಾಮದ ಪಾಠ ಅಲ್ಲೇ ಸಿಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇವರು ಕೆಮಿಸ್ಟ್ರಿಯಲ್ಲಿ ಹಿಂದುಳಿದವರಲ್ಲ, ಮೊದಲ ನಾಲ್ಕು ತಿಂಗಳು ಭಾಷೆಯಲ್ಲಿ ಸಿಕ್ಕಿಕೊಂಡವರು. ಒಂದು ನೋಟ್‌ಬುಕ್ಕಿನ ಎಡಗಡೆ ಹತ್ತನೇ ತರಗತಿಯ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆದುಕೊಳ್ಳುತ್ತಾ ಹೋದರೆ ತಮಗೆ ಈಗಾಗಲೇ ಗೊತ್ತಿರುವುದೆಷ್ಟು ಎಂಬುದು ಅವರಿಗೇ ಕಾಣುತ್ತದೆ. ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನೂ ಅದರಲ್ಲಿ ಸೇರಿಸಬೇಕು: ‘ಅಕೌಂಟ್ ಫಾರ್’ ಎಂದರೆ ಕಾರಣ ಕೊಡಿ, ‘ಡಿಸ್ಟಿಂಗ್ವಿಶ್’ ಎಂದರೆ ಎರಡರ ವ್ಯತ್ಯಾಸ ತೋರಿಸುವ ಪರೀಕ್ಷೆ ಬರೆಯಿರಿ. ಮನೆಯಲ್ಲಿ ಪಾಠವನ್ನು ಕನ್ನಡದಲ್ಲೇ ಯೋಚಿಸಿ ಅರ್ಥಮಾಡಿಕೊಳ್ಳಲಿ. ಬರೆದು ನೋಡುವುದು ಮಾತ್ರ ಮೊದಲ ದಿನದಿಂದ ಪರೀಕ್ಷೆಯ ಭಾಷೆಯಲ್ಲಿರಲಿ. ಉಪನ್ಯಾಸಕರು ತರಗತಿಯಲ್ಲಿ ಎರಡು ಮಾತು ಕನ್ನಡದಲ್ಲಿ ವಿವರಿಸಿದರೆ ಯಾರ ಮಟ್ಟವೂ ಕುಸಿಯುವುದಿಲ್ಲ.

ಗೈಡ್ ಮತ್ತು ‘ಪಾಸಿಂಗ್ ಪ್ಯಾಕೇಜ್’ಗಳ ವಿಷಯ. ತೇರ್ಗಡೆಯಷ್ಟೇ ಗುರಿಯಾಗಿದ್ದು ಕೈಯಲ್ಲಿ ಇಪ್ಪತ್ತೇ ದಿನ ಇದ್ದರೆ ಅವುಗಳಿಂದ ಉಪಯೋಗವಿದೆ, ಅಲ್ಲಗಳೆಯುವುದಿಲ್ಲ. ಜೂನ್‌ನಿಂದಲೇ ಅದನ್ನು ಹಿಡಿದವರಿಗೆ ಪ್ರಶ್ನೆಯ ಒಂದು ಪದ ಬದಲಾದರೂ ಕೈ ನಿಂತುಹೋಗುತ್ತದೆ. ಮಂಡಳಿ ಪ್ರಕಟಿಸುವ ಮಾದರಿ ಪ್ರಶ್ನೆಪತ್ರಿಕೆಗಳು ಇದಕ್ಕಿಂತ ಮೇಲು. ಅವನ್ನು ಓದಬಾರದು, ಗಡಿಯಾರ ಇಟ್ಟು ಬರೆಯಬೇಕು. ಲೆಕ್ಕದಲ್ಲಿ ಸೂತ್ರಕ್ಕೆ, ಬೆಲೆ ಹಾಕಿದ ಹಂತಕ್ಕೆ, ಘಟಕ ಸಹಿತ ಉತ್ತರಕ್ಕೆ ಬಿಡಿಬಿಡಿಯಾಗಿ ಅಂಕ ಸಿಗುತ್ತದೆಂಬುದನ್ನು ತಿಳಿದವರು, ಉತ್ತರ ಹೊಳೆಯದಿದ್ದರೂ ಸೂತ್ರ ಬರೆದು ಬೆಲೆ ಹಾಕದೆ ಎದ್ದುಬರುವುದಿಲ್ಲ.

ತಪ್ಪುಗಳಿಗೆಂದೇ ಒಂದು ಪುಸ್ತಕ ಇಡಿ. ಪ್ರತಿ ಟೆಸ್ಟ್ ಆದ ಮೇಲೆ ಹೋದ ಅಂಕಗಳ ಪಕ್ಕದಲ್ಲಿ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಘಟಕವೋ ಗುಣಾಕಾರವೋ ಜಾರಿತೇ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೇ? ಮೊದಲನೆಯದಕ್ಕೆ ಮತ್ತೆ ಪಾಠ ಬೇಕು, ಎರಡನೆಯದಕ್ಕೆ ದಿನಾ ಐದು ಲೆಕ್ಕ, ಮೂರನೆಯದಕ್ಕೆ ಪ್ರಶ್ನೆಯ ‘ಅಲ್ಲ’, ‘ತಪ್ಪಾದ’ ಎಂಬ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ ಬಂದರೆ ತಪ್ಪಿಗೆ ಒಂದು ಹೋಗುತ್ತದೆ. ಸಿಇಟಿಯಲ್ಲಿ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟು. ಲ್ಯಾಬನ್ನು ಜನವರಿಗೆ ಕಾಯದೆ ಜುಲೈನಲ್ಲೇ ತೆರೆಯಿರಿ. ಪಠ್ಯವನ್ನು ನವೆಂಬರ್‌ಗೇ ಮುಗಿಸುವ ಪೈಪೋಟಿಯಲ್ಲಿ ಪ್ರಥಮ ಪಿಯುಸಿಯ ತರಗತಿಗಳನ್ನು ಕತ್ತರಿಸಬೇಡಿ. ಪ್ರತಿ ತರಗತಿಯ ಮೊದಲ ಐದು ನಿಮಿಷ, ಹಿಂದಿನ ವಾರದ ಪಾಠದಿಂದ ಎರಡು ಅಂಕದ ಒಂದು ಪ್ರಶ್ನೆಯನ್ನು ಪುಸ್ತಕ ಮುಚ್ಚಿಸಿ ಬರೆಸಲು ಉಪನ್ಯಾಸಕರಿಗೆ ಅವಕಾಶ ಕೊಡಿ. ಪಕ್ಕದವರು ತಿದ್ದಲಿ, ರಿಜಿಸ್ಟರಿಗೆ ಏರಿಸುವುದು ಬೇಡ. ಟೆಸ್ಟ್‌ನ ಉತ್ತರಪತ್ರಿಕೆಗಳನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಡದೆ ಒಂದು ವಾರದೊಳಗೆ ಮಕ್ಕಳ ಕೈಗೆ ಕೊಟ್ಟು, ಯಾವ ಹಂತದಲ್ಲಿ ಅರ್ಧ ಅಂಕ ಹೋಯಿತೆಂದು ಅವರು ತಮ್ಮ ತಪ್ಪುಗಳ ಪುಸ್ತಕದಲ್ಲಿ ಬರೆದುಕೊಳ್ಳುವಷ್ಟು ಸಮಯವನ್ನು ಅದೇ ಪೀರಿಯಡ್‌ನಲ್ಲಿ ಕೊಡಿ.

— ಪದವಿಪೂರ್ವ ಹಂತದ ಕೆಲವು ರಸಾಯನಶಾಸ್ತ್ರ ಉಪನ್ಯಾಸಕರು